ತೂತೇ ಇಲ್ಲದ ಸೋರಿಕೆ

ಒತ್ತಡ ಅಳೆಯುವ ಎರಡು ಗೇಜುಗಳ ಮುಳ್ಳುಗಳೂ ಸೊನ್ನೆಯ ಮೇಲೆ ಮಲಗಿದ್ದವು.

ಗ್ಯಾರೇಜು ಇಟ್ಟಿದ್ದ ತಮ್ಮ, ಗಾಜಿನ ಮೇಲೆ ಬೆರಳಿನಿಂದ ತಟ್ಟಿ ನೋಡಿದ. ನೀಲಿ ಗೇಜೂ ಏಳಲಿಲ್ಲ, ಕೆಂಪು ಗೇಜೂ ಏಳಲಿಲ್ಲ. ವ್ಯಾನಿನ ಬಾನೆಟ್ಟಿನೊಳಗೆ ಸಿಕ್ಕಿಸಿದ್ದ ರಬ್ಬರ್ ಪೈಪುಗಳು ಸುಮ್ಮನೆ ಜೋತುಬಿದ್ದಿದ್ದವು.

“ಚೂರೂ ಗ್ಯಾಸಿಲ್ಲ ಅಕ್ಕ. ಎಸಿ ಹೊಟ್ಟೆ ಪೂರ್ತಿ ಖಾಲಿ.”

ಹಿಂದಿನ ದಿನ ಮಧ್ಯಾಹ್ನ ಹತ್ತಿ ಗಿರಣಿಯ ಗೇಟಿನ ಹೊರಗೆ ಶ್ವಾನದಳದ ಹೆಣ್ಣುನಾಯಿ ಸೆಕೆಗೆ ಬೆಂದು ಕುಸಿದುಬಿದ್ದದ್ದು ಇದೇ ವ್ಯಾನಿನಲ್ಲಿ. ಎಂಜಿನ್ ಓಡುತ್ತಲೇ ಇತ್ತು, ಫ್ಯಾನೂ ತಿರುಗುತ್ತಲೇ ಇತ್ತು. ಆದರೆ ಆ ಫ್ಯಾನು ಊದಿದ್ದು ಒಲೆಯ ಬಾಯಿಯಂಥ ಬಿಸಿಗಾಳಿಯನ್ನು.

ಅಕ್ಕ ಬಾನೆಟ್ಟಿನೊಳಗೆ ಬಗ್ಗಿದಳು. ಆಕೆ ‘ಅಕ್ಕ’ ಆಗುವುದು ಈ ಗ್ಯಾರೇಜಿನಲ್ಲಿ ಮಾತ್ರ. ಹೊರಗೆ ಎಲ್ಲರಿಗೂ ಮೇಡಂ. ಪೊಲೀಸ್ ಕೆಲಸ ಬಿಟ್ಟು ಸ್ವಂತವಾಗಿ ಪತ್ತೇದಾರಿಕೆಗೆ ಇಳಿದವಳು. ಗಿರಣಿಯ ವಾಚ್‌ಮನ್ ಕಾಣೆಯಾದಾಗ ಅವನ ಮಗಳು ಹುಡುಕಿಕೊಂಡು ಬಂದು ಕೈ ಹಿಡಿದುಕೊಂಡಿದ್ದಳು. ನಮ್ಮಪ್ಪ ಬದುಕಿದ್ದರೆ ಬದುಕಿದ್ದಾರೆ ಅನ್ನಿ, ಇಲ್ಲದಿದ್ದರೆ ಇಲ್ಲ ಅನ್ನಿ, ಏನೋ ಒಂದು ಹೇಳಿ ಎಂದಿದ್ದಳು. ಆ ಕೈಯ ಬಿಗಿ ಇನ್ನೂ ಅಕ್ಕನ ಮಣಿಕಟ್ಟಿನಿಂದ ಬಿಟ್ಟಿರಲಿಲ್ಲ.

ಮೊದಲ ಸಲ ಕರೆತಂದಾಗ ನಾಯಿ ವಾಚ್‌ಮನ್‌ನ ಕೋಣೆಯಿಂದ ಹೊರಟು ಮೂಗು ನೆಲಕ್ಕೆ ಹಚ್ಚಿ ಸೀದಾ ಗಿರಣಿಯ ಗೇಟಿಗೆ ಬಂದು ಕೂತಿತ್ತು. ಒಳಗೆ ಬಿಡದೆ ಮ್ಯಾನೇಜರ್ ಕಾನೂನು ಮಾತಾಡಿದ್ದ. ಅನುಮತಿ ಸಿಕ್ಕಿ ಗೇಟು ತೆರೆಯಬೇಕಾದ ದಿನವೇ ವ್ಯಾನಿನ ಎಸಿ ಕೈಕೊಟ್ಟಿತ್ತು. ಕೈಕೊಟ್ಟಿತೋ, ಯಾರಾದರೂ ಕೈ ಹಾಕಿದರೋ ಎನ್ನುವುದು ಅಕ್ಕನ ತಲೆಯೊಳಗೆ ಕೊರೆಯುತ್ತಿತ್ತು.

ಊರಿನ ಬಾಯಿಗೆ ಆಗಲೇ ಒಬ್ಬ ಅಪರಾಧಿ ಸಿಕ್ಕಿದ್ದ. ನಾಯಿಯನ್ನು ನಡೆಸುವ, ಅದನ್ನು ‘ಮಗಳೇ’ ಎಂದೇ ಕರೆಯುತ್ತಿದ್ದ ಹ್ಯಾಂಡ್ಲರ್. ವ್ಯಾನಿನೊಳಗೆ ಬಿಟ್ಟು ಹೋಗಿ ಮರೆತ ಎಂದು ಅವನನ್ನು ಅಮಾನತು ಮಾಡಿದ್ದರು. ಅವನು ಒಂದು ಮಾತೂ ಎದುರಾಡಿರಲಿಲ್ಲ.

ಶ್ವಾನದಳದ ಮುಖ್ಯಸ್ಥರು ಅಕ್ಕನ ಜೊತೆ ಹಿಂದೆ ಕೆಲಸ ಮಾಡಿದವರು. ದಳದ ವರ್ಕ್‌ಶಾಪಿನವರೇ ವ್ಯಾನು ನೋಡಿದರೆ ತಮ್ಮ ತಪ್ಪು ತಾವೇ ಮುಚ್ಚಿಕೊಂಡರು ಅನ್ನುತ್ತಾರೆ, ಹೊರಗಿನವರು ನೋಡಲಿ ಎಂದು ಒಪ್ಪಿ, ಡ್ರೈವರನ ಕೈಲಿ ವ್ಯಾನು ಕಳಿಸಿಕೊಟ್ಟಿದ್ದರು.

ಆ ಡ್ರೈವರ್ ಶಟರಿನ ಪಕ್ಕದಲ್ಲಿ ನಿಂತಿದ್ದ. ಸಣ್ಣ ದನಿಯ, ನಯವಾದ ಮನುಷ್ಯ. ಕೂರಲು ಸ್ಟೂಲು ಕೊಟ್ಟರೂ ಕೂತಿರಲಿಲ್ಲ.

“ಕೂಲಿಂಗ್ ಕಾಯಿಲ್ ತೂತಾಗಿದೆ. ನನ್ನ ಮಾತು ಬರೆದಿಟ್ಕೋ,” ಎಂದ ತಮ್ಮ. “ಡ್ಯಾಶ್‌ಬೋರ್ಡ್ ಹಿಂದೆ ಇರುತ್ತೆ. ಕಣ್ಣಿಗೆ ಕಾಣಲ್ಲ. ಪೂರ್ತಿ ಬಿಚ್ಚಬೇಕು.”

ಊರಿನ ಕಾರುಗಳಿಗೆಲ್ಲ ಗ್ಯಾಸ್ ತುಂಬುವವನು ಅವನು. ಮಾತಿನಲ್ಲೂ ಅಷ್ಟೇ ಗ್ಯಾಸ್ ಬಿಡುತ್ತಾನೆ ಎಂದು ಅವನ ಹೆಂಡತಿಯೇ ಹೇಳುತ್ತಿದ್ದಳು. ಸ್ಕ್ರೂಡ್ರೈವರ್ ಹಿಡಿದು ವ್ಯಾನಿನೊಳಗೆ ನುಗ್ಗಲು ಹೊರಟವನ ತೋಳನ್ನು ಅಕ್ಕ ಹಿಡಿದು ನಿಲ್ಲಿಸಿದಳು. ಬಿಚ್ಚುವುದು ಆಮೇಲೆ, ಬಿಚ್ಚದೆ ನೋಡುವ ದಾರಿಯೇನಿದೆ ಎಂದು ಕೇಳಿದಳು.

ಇತ್ತು. ತಮ್ಮ ಮೂಲೆಯಿಂದ ವ್ಯಾಕ್ಯೂಮ್ ಪಂಪು ಎಳೆದು ತಂದ. ಎಸಿ ಪೈಪುಗಳೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು ನಲ್ಲಿ ಮುಚ್ಚುವುದು. ಎಲ್ಲಾದರೂ ತೂತಿದ್ದರೆ ಹೊರಗಿನ ಗಾಳಿ ನುಗ್ಗಿ ಮುಳ್ಳು ಮತ್ತೆ ಮೇಲೇರುತ್ತದೆ. ಪಂಪು ಗೊರಗೊರ ಸದ್ದು ಮಾಡುತ್ತ ಓಡಿತು. ಮುಳ್ಳು ಸೊನ್ನೆಯ ಕೆಳಕ್ಕೆ ಇಳಿದು ನಿಂತಿತು. ತಮ್ಮ ನಲ್ಲಿ ತಿರುಗಿಸಿ ಪಂಪು ಆರಿಸಿದ.

ಈಗ ಕಾಯಬೇಕು.

ಕಾಯುವ ಹೊತ್ತನ್ನು ಅಕ್ಕ ಹಾಳುಮಾಡಲಿಲ್ಲ. ಡ್ರೈವರನ ಪಕ್ಕಕ್ಕೆ ಹೋಗಿ ನಿಂತು ನಿನ್ನೆಯದನ್ನು ಮತ್ತೊಮ್ಮೆ ಹೇಳಿಸಿದಳು. ಅವನು ತಡವರಿಸದೆ ಹೇಳಿದ. ದಾರಿಯುದ್ದಕ್ಕೂ ಎಸಿ ತಣ್ಣಗಿತ್ತು, ಕಾಲು ಮರಗಟ್ಟುವಷ್ಟು. ಗಿರಣಿಯ ಮುಂದೆ ನಿಲ್ಲಿಸಿದ ಕೂಡಲೇ ಗಂಟಲೊಣಗಿದೆ ಎಂದು ತಾನು ಕಾಂಪೌಂಡಿನ ಒಳಗೆ ನೀರು ಕುಡಿಯಲು ಹೋದೆ. ನಾಯಿಗೆ ತಂಪಿರಲಿ ಎಂದು ಕೀಲಿ ತೆಗೆಯದೆ ಎಂಜಿನ್ ಹಾಗೇ ಬಿಟ್ಟಿದ್ದೆ. ಒಳಗೆ ಲೋಡರ್ ಒಬ್ಬ ಮಾತಿಗೆ ಸಿಕ್ಕ. ವಾಪಸು ಬಂದಾಗ ಹ್ಯಾಂಡ್ಲರ್ ನಾಯಿಯನ್ನು ಎದೆಗವುಚಿಕೊಂಡು ರಸ್ತೆಯ ಮೇಲೆ ಕೂತಿದ್ದ.

“ಮುಂದಿನ ಬಾಗಿಲು ಲಾಕ್ ಆಗಿತ್ತಾ?”

ಇಲ್ಲ ಎಂದ. ಅದು ತನ್ನ ತಪ್ಪು ಎಂದು ತಲೆ ತಗ್ಗಿಸಿದ.

“ಹಿಂದಿನದು? ನಾಯಿ ಇರೋ ಕಡೆದು?”

“ಅದು ಯಾವಾಗ್ಲೂ ಲಾಕೇ ಮೇಡಂ. ಕೀಲಿ ಹ್ಯಾಂಡ್ಲರ್ ಬೆಲ್ಟಲ್ಲಿರುತ್ತೆ. ಯಾರಿಗೂ ಕೊಡಲ್ಲ ಅವ್ನು. ಹೆಂಡ್ತಿ ಕೇಳಿದ್ರೂ ಕೊಡಲ್ಲ.”

ಅಂದರೆ ಬಾನೆಟ್ಟಿನ ಲಿವರ್ ಇರುವ ಮುಂದಿನ ಭಾಗಕ್ಕೆ ದಾರಿಹೋಕನೂ ಕೈ ಹಾಕಬಹುದಿತ್ತು. ಗಿರಣಿಯ ಯಾವ ಮನುಷ್ಯನಾದರೂ. ಅಕ್ಕ ಮ್ಯಾನೇಜರನ ಮುಖವನ್ನು ನೆನೆಸಿಕೊಂಡಳು. ಬೆವರೇ ಬಾರದ ಮುಖ ಅದು. ನಾಯಿ ಬಿದ್ದ ಸುದ್ದಿ ಕೇಳಿ, ಅಯ್ಯೋ ಪಾಪ ಎಂದು ಹೇಳಿ, ಆ ಮೇಲೆ ಗೇಟಿನ ಬೀಗ ಎಳೆದು ನೋಡಿಕೊಂಡಿದ್ದನಂತೆ.

“ಅಕ್ಕ,” ತಮ್ಮ ಕರೆದ. ದನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ.

ಮುಳ್ಳು ಇಟ್ಟಲ್ಲೇ ಇತ್ತು. ಕೂದಲೆಳೆಯಷ್ಟೂ ಏರಿರಲಿಲ್ಲ.

ಅವನಿಗೆ ಸೋಲೊಪ್ಪಿಕೊಳ್ಳಲು ಇಷ್ಟವಿರಲಿಲ್ಲ. ಕೆಲವು ತೂತುಗಳು ಒಳಕ್ಕೆ ಎಳೆದಾಗ ಬಾಯಿ ಮುಚ್ಚಿಕೊಂಡು ಒತ್ತಡ ಬಿದ್ದಾಗ ಬಾಯಿ ಬಿಡುತ್ತವೆ, ಕಳ್ಳನ ಹಾಗೆ ಎಂದ. ನೈಟ್ರೋಜನ್ ಸಿಲಿಂಡರು ಉರುಳಿಸಿಕೊಂಡು ಬಂದು ಪೈಪಿಗೆ ಜೋಡಿಸಿ ಒತ್ತಡ ಏರಿಸಿದ. ಬಕೆಟ್ಟಿನಲ್ಲಿ ಸೋಪು ನೊರೆ ಕಲಸಿ ಬ್ರಷ್ಷಿನಿಂದ ಒಂದೊಂದೇ ಜಾಯಿಂಟಿಗೆ ಬಳಿದ. ಕಂಪ್ರೆಸರಿನ ಸುತ್ತ ಬಳಿದ. ಕಂಡೆನ್ಸರಿನ ಅಂಚಿಗೆ ಬಳಿದ. ವ್ಯಾನಿನ ಹೊಟ್ಟೆಯ ಕೆಳಗೆ ಮಲಗಿ, ಹಿಂದಕ್ಕೆ ಹೋಗುವ ಪೈಪಿನುದ್ದಕ್ಕೂ ಬಳಿದ. ಕಾಯಿಲ್ ಇರುವ ಜಾಗದ ನೀರು ಹೋಗುವ ಕೊಳವೆಗೆ ಗ್ಯಾಸ್ ಮೂಸುವ ಯಂತ್ರದ ತುದಿ ಹಿಡಿದು, ಮತ್ತೆ ನೈಟ್ರೋಜನ್‌ಗೆ ಇದು ಕೂಗುವುದಿಲ್ಲವಲ್ಲ ಎಂದು ನಾಲಿಗೆ ಕಚ್ಚಿಕೊಂಡು ವಾಪಸಿಟ್ಟ.

ಎಲ್ಲೂ ಒಂದು ಗುಳ್ಳೆ ಏಳಲಿಲ್ಲ. ಗೇಜಿನ ಮುಳ್ಳು ಏರಿಸಿದಲ್ಲೇ ಅಲ್ಲಾಡದೆ ನಿಂತಿತು.

ತಮ್ಮ ನೆಲದಿಂದ ಎದ್ದು ಪ್ಯಾಂಟು ಕೊಡವಿಕೊಂಡ. ಮುಖ ಹುಳ್ಳಗಾಗಿತ್ತು. “ಲೀಕೇ ಇಲ್ಲ.”

“ನಿನ್ನೆ ತೂತಿದ್ರೆ ಇವತ್ತೂ ಇರ್ಬೇಕಲ್ವೇನೋ?”

“ಇರ್ಬೇಕು. ತಾನಾಗೇ ಮಾಯೋಕೆ ಅದೇನು ಗಾಯನಾ?”

“ಹಾಗಿದ್ರೆ ಗ್ಯಾಸ್ ಹೊರಗೆ ಹೋಗೋಕೆ ಬೇರೆ ದಾರಿ ಯಾವುದಿದೆ?”

ತಮ್ಮನ ಕಣ್ಣು ತಾನೇ ಸಿಕ್ಕಿಸಿದ್ದ ಪೈಪಿನ ತುದಿಗೆ ಹೋಗಿ ನಿಂತಿತು.

“ಒಳಗೆ ಹೋಗೋ ದಾರಿ,” ಎಂದ ನಿಧಾನವಾಗಿ. “ನಾವು ಗ್ಯಾಸ್ ತುಂಬೋ ಬಾಯಿ. ಸೈಕಲ್ ಟ್ಯೂಬಿಗಿರುತ್ತಲ್ಲ, ಅಂಥದ್ದೇ ವಾಲ್ವು. ಕ್ಯಾಪ್ ತೆಗೆದು ಒಳಗಿನ ಪಿನ್ ಒತ್ತಿ ಹಿಡಿದ್ರೆ ಬುಸ್ ಅಂತ ಎಲ್ಲ ಹೋಗಿಬಿಡುತ್ತೆ. ಕೈ ತೆಗೆದ್ರೆ ತಾನೇ ಮುಚ್ಕೊಳ್ಳುತ್ತೆ. ಒಂದು ಗುರುತೂ ಇರಲ್ಲ.”

ಹೊರಗೆ ಯಾವುದೋ ಲಾರಿ ಹಾದುಹೋಗಿ ಶಟರು ಗಡಗಡಿಸಿತು.

ಗುರುತು ಇರಲ್ಲ ಎಂದ ತಮ್ಮನೇ ಮರುಕ್ಷಣ ಬಾನೆಟ್ಟಿನ ಒಳಮೈಯನ್ನು ಬೆರಳಿನಿಂದ ಒರೆಸಿ ಬೆಳಕಿಗೆ ಹಿಡಿದ. ಎಣ್ಣೆ. ಎಸಿ ಗ್ಯಾಸಿನ ಜೊತೆ ಒಂದಿಷ್ಟು ಎಣ್ಣೆಯೂ ಓಡಾಡುತ್ತಿರುತ್ತದೆ. ಗ್ಯಾಸು ರಭಸವಾಗಿ ಹೊರಬಂದರೆ ಎಣ್ಣೆಯೂ ಚಿಮ್ಮುತ್ತದೆ. ಹಳೆಯ ಸಣ್ಣ ಸೋರಿಕೆಯಾದರೆ ಎಣ್ಣೆಗೆ ಧೂಳು ಅಂಟಿ ಕಪ್ಪಗೆ ಗಟ್ಟಿಯಾಗಿರಬೇಕಿತ್ತು. ಇದು ತಿಳಿಯಾಗಿ, ಹಸಿಯಾಗಿ ಇತ್ತು.

ದಳದ ವರ್ಕ್‌ಶಾಪಿನಲ್ಲಿ ಯಾವಾಗಲಾದರೂ ಎಸಿಗೆ ಬಣ್ಣ ಹಾಕಿದ್ದರೇ ಎಂದು ತಮ್ಮ ಡ್ರೈವರನನ್ನು ಕೇಳಿದ. ಹೌದು, ಬೇಸಿಗೆ ಶುರುವಿನಲ್ಲಿ ಹಾಕಿದ್ದರು ಎಂದ ಅವನು. ತಮ್ಮನ ಮುಖ ಅರಳಿತು. ಸೋರಿಕೆ ಹುಡುಕಲೆಂದೇ ಬೆರೆಸುವ ಆ ಬಣ್ಣ ಬರಿಗಣ್ಣಿಗೆ ಕಾಣುವುದಿಲ್ಲ. ನೇರಳೆ ದೀಪ ಬಿಟ್ಟರೆ ಮಾತ್ರ ಹೊಳೆಯುತ್ತದೆ, ಮತ್ತು ಮುಟ್ಟಿದ ಕೈಯಿಂದ ಸೋಪು ಹಾಕಿ ತೊಳೆದರೂ ಬೇಗ ಬಿಡುವುದಿಲ್ಲ.

ಶಟರು ಇಳಿಸಲು ಹೇಳಿದ. ಡ್ರೈವರೇ ಎಳೆದು ಇಳಿಸಿದ. ಗ್ಯಾರೇಜು ಕತ್ತಲಾಯಿತು. ತಮ್ಮ ಹಳದಿ ಕನ್ನಡಕ ಏರಿಸಿ, ಅಕ್ಕನಿಗೂ ಒಂದು ಕೊಟ್ಟು, ಬೆರಳುದ್ದದ ಟಾರ್ಚು ಒತ್ತಿದ.

ಬಾನೆಟ್ಟಿನ ಒಳಮೈ ಹಸಿರು ಹಳದಿಯಾಗಿ ಹೊತ್ತಿಕೊಂಡಿತು.

ಗ್ಯಾಸ್ ತುಂಬುವ ಬಾಯಿಯಿಂದ ಮೇಲಕ್ಕೆ ಕಾರಂಜಿಯಂತೆ ಚಿಮ್ಮಿದ ತುಂತುರು. ಬೇರೆ ಯಾವ ಜಾಯಿಂಟಿನಲ್ಲೂ ಒಂದು ಚುಕ್ಕೆಯಿಲ್ಲ. ತಮ್ಮ ಟಾರ್ಚನ್ನು ಬಾಯಿಯ ಹತ್ತಿರ ತಂದು ತಲೆಯಾಡಿಸಿದ. ಎರಡು ಬಾಯಿಗಳಲ್ಲಿ ಒತ್ತಿದ್ದು ಸಣ್ಣ ಪೈಪಿನದ್ದನ್ನು. ಅಲ್ಲಿ ಗ್ಯಾಸು ಗಾಳಿಯಾಗಿರುವುದಿಲ್ಲ, ನೀರಿನಂತೆ ಇರುತ್ತದೆ. ಕಸುಬು ಗೊತ್ತಿದ್ದವನು ಅಲ್ಲಿ ಕೈ ಇಡುವುದೇ ಇಲ್ಲ ಎಂದ.

“ಯಾಕೆ?”

“ಬೆರಳು ಸುಟ್ಟುಹೋಗುತ್ತೆ ಅಕ್ಕ. ಬೆಂಕಿಯಿಂದಲ್ಲ, ಚಳಿಯಿಂದ. ಬಿದ್ದ ಜಾಗ ಬೆಳ್ಳಗಾಗಿ ಮಾರನೇ ದಿನ ಬೊಬ್ಬೆ ಬರುತ್ತೆ. ನೋಡಿದವರು ಬಿಸಿನೀರು ಬಿತ್ತಾ ಅಂತ ಕೇಳ್ಬೇಕು, ಹಾಗಿರುತ್ತೆ.”

ಅಕ್ಕ ಟಾರ್ಚು ಇಸಿದುಕೊಂಡಳು. ಮುಂದಿನ ಬಾಗಿಲು ತೆಗೆದು ಬಾನೆಟ್ಟಿನ ಲಿವರಿಗೆ ಬೆಳಕು ಬಿಟ್ಟಳು. ಅಲ್ಲಿ ಹೊಳಪಿಲ್ಲ, ಲಿವರ್ ಎಳೆದದ್ದು ಗ್ಯಾಸ್ ಬಿಡುವ ಮೊದಲಲ್ಲವೇ. ಬಾನೆಟ್ಟಿನ ಮುಂದಿನ ಅಂಚಿನಲ್ಲಿ, ಮುಚ್ಚುವಾಗ ಒತ್ತಿದ ಜಾಗದಲ್ಲಿ, ಒಂದು ಅಂಗೈಯ ಒರೆಸು. ಅಲ್ಲಿಂದ ವ್ಯಾನಿನ ಪಕ್ಕಕ್ಕೆ ಏನೂ ಇಲ್ಲ. ಸುಮ್ಮನೆ ಪೂರ್ತಿ ನೋಡಿಬಿಡೋಣ ಎಂದು ಆಕೆ ಹಿಂದಕ್ಕೆ ಹೋದಳು.

ಹಿಂದಿನ ಬಾಗಿಲಿನ ಹಿಡಿಯ ಮೇಲೆ ಎರಡು ಬೆರಳಿನ ಗುರುತು ಹೊಳೆಯಿತು.

ನಿನ್ನೆ ನಾಯಿಯನ್ನು ಎತ್ತಿಕೊಂಡ ಮೇಲೆ ಬೀಗ ಹಾಕಿರದ ಆ ಬಾಗಿಲು ತೆಗೆದಳು. ನಾಯಿಯ ಪಂಜರದ ಅಗುಳಿಯ ಮೇಲೆ ಇನ್ನೊಂದು. ಪಂಜರದ ಮೂಲೆಗೆ ಕಚ್ಚಿಸಿದ್ದ ನೀರಿನ ಬಟ್ಟಲಿನ ಅಂಚಿನಲ್ಲಿ, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಇಟ್ಟವರ ಹೆಬ್ಬೆರಳುಗಳು, ಅತ್ತೊಂದು ಇತ್ತೊಂದು, ಸ್ಪಷ್ಟವಾಗಿ ಉರಿಯುತ್ತಿದ್ದವು.

ಗ್ಯಾಸ್ ಬಿಟ್ಟವನು ಬಾನೆಟ್ಟು ಮುಚ್ಚಿ, ಹಿಂದಕ್ಕೆ ಬಂದು, ಬೀಗ ತೆಗೆದು, ನಾಯಿಗೆ ನೀರಿಟ್ಟು ಹೋಗಿದ್ದ.

ಆ ಬೀಗದ ಕೀಲಿ ಒಬ್ಬನ ಬೆಲ್ಟಿನಲ್ಲಿ ಮಾತ್ರ ಇತ್ತು. ಬಾಯಿ ಬಿಡಲು ಹೊರಟ ತಮ್ಮನ ಕಾಲನ್ನು ಅಕ್ಕ ಮೆಲ್ಲಗೆ ತುಳಿದು ಸುಮ್ಮನಾಗಿಸಿ ಟಾರ್ಚು ಆರಿಸಿದಳು.

ಶಟರು ಮೇಲೇರಿದಾಗ ಡ್ರೈವರ್ ಕಣ್ಣುಜ್ಜಿಕೊಳ್ಳುತ್ತ ನಿಂತಿದ್ದ. ವ್ಯಾನು ಇಲ್ಲೇ ಇರುವುದಾದರೆ ತಾನು ಹೊರಡಬಹುದೇ, ಬೆಳಗಿನಿಂದ ಹೊಟ್ಟೆಗೇನೂ ಬಿದ್ದಿಲ್ಲ ಎಂದು ವಿನಯದಿಂದ ಕೇಳಿದ. ಅಕ್ಕ ಹೋಗಿ ಬನ್ನಿ ಎಂದಳು. ಅವಳ ಮನಸ್ಸು ಆಗಲೇ ಪಶು ಆಸ್ಪತ್ರೆಯಲ್ಲಿತ್ತು.

*

ಪಶು ಆಸ್ಪತ್ರೆಯ ಕೊನೆಯ ಕೋಣೆಯಲ್ಲಿ ಎರಡು ಫ್ಯಾನುಗಳು ಒಂದೇ ಕಡೆಗೆ ಮುಖ ಮಾಡಿ ತಿರುಗುತ್ತಿದ್ದವು. ಮಧ್ಯದ ಉಕ್ಕಿನ ಮೇಜಿನ ಮೇಲೆ ನಾಯಿ ಒಂದು ಮಗ್ಗುಲಾಗಿ ಮಲಗಿತ್ತು. ಮುಂಗಾಲಿನ ಕೂದಲು ಬೋಳಿಸಿ ಡ್ರಿಪ್ ಚುಚ್ಚಿದ್ದರು. ಪಕ್ಕೆಗಳು ಏರಿ ಇಳಿಯುತ್ತಿದ್ದವು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವಿನ ಹೊತ್ತು ನೋಡುವವರಿಗೆ ಸಂಕಟವಾಗುವಷ್ಟು ಉದ್ದವಾಗಿತ್ತು.

ಬಾಗಿಲಲ್ಲೇ ಸಿಕ್ಕ ಡಾಕ್ಟರಮ್ಮ ಏನೂ ಹೇಳಲಾಗದು ಎಂದರು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ. ಇವತ್ತು ದಾಟಿದರೆ ನೋಡೋಣ. ಹ್ಯಾಂಡ್ಲರ್ ನಿನ್ನೆಯಿಂದ ಎದ್ದಿಲ್ಲ, ಮನೆಗೂ ಹೋಗಿಲ್ಲ, ಕೈಯ ಬೊಬ್ಬೆಗೂ ಮದ್ದು ಹಚ್ಚಿಸಿಕೊಂಡಿಲ್ಲ, ನೀವಾದರೂ ಹೇಳಿ ಎಂದರು. ಅಕ್ಕ ಅವರನ್ನು ಒಂದೇ ಒಂದು ಪ್ರಶ್ನೆ ಕೇಳಿದಳು. ಉತ್ತರ ಕೇಳಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

ಹ್ಯಾಂಡ್ಲರ್ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು ನಾಯಿಯ ಕಿವಿಯನ್ನು ಎಡಗೈಯಿಂದ ಸವರುತ್ತಿದ್ದ. ಬಲಗೈ ತೊಡೆಯ ಮೇಲಿತ್ತು. ಹೆಬ್ಬೆರಳಿಗೂ ಅದರ ಪಕ್ಕದ ಎರಡು ಬೆರಳಿಗೂ ಬಟ್ಟೆ ಸುತ್ತಿತ್ತು.

ಅಕ್ಕ ಎದುರಿನ ಗೋಡೆಗೆ ಒರಗಿ ನಿಂತಳು. ಹೇಗಿದ್ದಾಳೆ ಎಂದು ಕೇಳಿದಳು. ಹಾಗೇ ಇದ್ದಾಳೆ ಎಂದ ಅವನು. ಒಂದು ಸಲ ಬಾಲ ಅಲ್ಲಾಡಿಸಿದಳು ಎಂದೂ ಹೇಳಿದ. ಅದು ನಿಜವೋ ಅವನ ಆಸೆಯೋ ತಿಳಿಯುವಂತಿರಲಿಲ್ಲ.

“ಕೈಗೆ ಏನಾಯ್ತು?”

“ಐಸ್, ಮೇಡಂ. ನಿನ್ನೆಯಿಂದ ಅವಳ ಮೈಗೆ ಹಿಡಿದು ಹಿಡಿದು ಬೊಬ್ಬೆ ಬಂತು.”

“ಡಾಕ್ಟರಮ್ಮ ಐಸ್ ಮುಟ್ಟಿಸಿಲ್ಲವಂತೆ.”

ಕಿವಿ ಸವರುತ್ತಿದ್ದ ಕೈ ನಿಂತಿತು.

“ಸೆಕೆ ಹೊಡೆದ ನಾಯಿಗೆ ಐಸ್ ಇಡಬಾರದಂತೆ. ನಲ್ಲಿ ನೀರು, ಫ್ಯಾನು, ಅಷ್ಟೇ ಅಂದ್ರು. ಈ ಆಸ್ಪತ್ರೆಯೊಳಗೆ ನಿನ್ನೆಯಿಂದ ಒಂದು ಚೂರು ಐಸ್ ಬಂದಿಲ್ಲ.”

ಅಕ್ಕ ಬ್ಯಾಗಿನಿಂದ ತಮ್ಮನ ಟಾರ್ಚು ತೆಗೆದು, ಕಿಟಕಿಯ ಪರದೆ ಎಳೆದು, ಅವನ ಅಂಗಿಯ ತೋಳಿಗೆ ಬೆಳಕು ಬಿಟ್ಟಳು. ಅವನು ಇನ್ನೂ ನಿನ್ನೆಯ ಸಮವಸ್ತ್ರದಲ್ಲೇ ಇದ್ದ. ಬಲತೋಳಿನ ಮಡಿಕೆಯಲ್ಲಿ ಹಸಿರು ಚುಕ್ಕೆಗಳು ಮಿಣುಕಿದವು. ಆ ಚುಕ್ಕೆಗಳನ್ನು ಅವನು ತನ್ನ ಮೈಮೇಲೆ ಹರಿದ ಹುಳಗಳನ್ನು ನೋಡುವಂತೆ ನೋಡಿದ.

ಆಕೆ ದನಿ ಏರಿಸಲಿಲ್ಲ. ಎಸಿಯಲ್ಲಿ ತೂತಿಲ್ಲ, ಗ್ಯಾಸನ್ನು ಪಿನ್ ಒತ್ತಿ ಬಿಟ್ಟಿದ್ದಾರೆ, ಬಿಟ್ಟ ಕೈಯೇ ನೀರಿನ ಬಟ್ಟಲನ್ನೂ ಇಟ್ಟಿದೆ ಎಂದು ಒಂದಾದ ಮೇಲೊಂದು ಹೇಳಿದಳು.

“ಅವಳನ್ನ ಸಾಯಿಸೋಕೆ ಬಂದವನು ನೀರಿಡಲ್ಲ. ಅದೊಂದು ನನಗೆ ಗೊತ್ತು. ಮಿಕ್ಕಿದ್ದು ನೀವು ಹೇಳಿ.”

ಅವನು ನಾಯಿಯ ಕುತ್ತಿಗೆಗೆ ಹಣೆ ಹಚ್ಚಿ ಅತ್ತ. ಗಂಡಸು ಅಳುವುದನ್ನು ಅಕ್ಕ ಪೊಲೀಸ್ ಠಾಣೆಗಳಲ್ಲಿ ಬೇಕಾದಷ್ಟು ನೋಡಿದ್ದಳು. ಇದು ಹಾಗಿರಲಿಲ್ಲ. ದನಿಯೇ ಇರಲಿಲ್ಲ.

“ಹತ್ತು ನಿಮಿಷ ಅಂದ್ಕೊಂಡಿದ್ದೆ ಮೇಡಂ,” ಎಂದ ಕೊನೆಗೆ. “ಒಳಗೆ ಹೋಗಿ, ಎಸಿ ಕೆಟ್ಟಿದೆ, ಈ ಬಿಸಿಲಲ್ಲಿ ನಾಯಿ ಇಳಿಸಕ್ಕಾಗಲ್ಲ, ನಾಳೆ ಬರ್ತೀವಿ ಅಂತ ಹೇಳಿ ವಾಪಸ್ ಬಂದ್ಬಿಡೋದು. ಒಂದು ದಿನ ಸಿಕ್ಕಿದ್ರೆ ಸಾಕಿತ್ತು.”

ಆದರೆ ಮ್ಯಾನೇಜರ್ ಬಿಡಲಿಲ್ಲ. ನಮ್ಮ ಮೆಕ್ಯಾನಿಕ್‌ನೇ ಕಳಿಸುತ್ತೇನೆ ಎಂದ, ಮುಖ್ಯಸ್ಥರಿಗೆ ಫೋನ್ ಹಚ್ಚಿ ಕೈಗೆ ಕೊಟ್ಟ, ಕೂರಿಸಿದ, ಮತ್ತೆ ಕೂರಿಸಿದ. ಎದ್ದು ಓಡಿದರೆ ಅನುಮಾನ ಬರುತ್ತದೆಂದು ಕೂತೇ ಇದ್ದೆ ಎಂದು ಹ್ಯಾಂಡ್ಲರ್ ಹೇಳಿದ. ನೀರು ಕುಡಿಯಲು ಹೋದ ಡ್ರೈವರ್ ಬೇಗ ವ್ಯಾನಿಗೆ ಮರಳುತ್ತಾನೆ, ಬಿಸಿಯಾದರೆ ಬಂದು ಕರೆಯುತ್ತಾನೆ ಎಂದು ನಂಬಿದ್ದ. ನಾಯಿಗೆ ಹುಷಾರಿಲ್ಲ ಎಂದಿದ್ದರೆ ಡಾಕ್ಟರ್ ಪರೀಕ್ಷೆ ಮಾಡುತ್ತಿದ್ದರು, ಬೇರೆ ದಳದ ನಾಯಿ ತರಿಸುತ್ತಿದ್ದರು. ವ್ಯಾನು ಕೆಟ್ಟರೆ ಯಾರೂ ಪ್ರಶ್ನೆ ಮಾಡುವುದಿಲ್ಲ ಎಂದು ಅವನಿಗೆ ಅನ್ನಿಸಿತ್ತು. ವರ್ಕ್‌ಶಾಪಿನವರು ಪಿನ್ ಒತ್ತುವುದನ್ನು ದೂರದಿಂದ ನೋಡಿದ್ದ, ಅಷ್ಟೇ. ಯಾವ ಪೈಪು ಎಂದು ಗೊತ್ತಿರಲಿಲ್ಲ.

“ಒಂದು ದಿನ ಯಾಕೆ ಬೇಕಿತ್ತು? ಗಿರಣಿಯೊಳಗೆ ಏನಿದೆ?”

“ಗಿರಣಿಯೊಳಗೆ ಏನೂ ಇಲ್ಲ ಮೇಡಂ. ಅದೇ ತೊಂದ್ರೆ.”

ಅಕ್ಕ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

“ಅವಳನ್ನ ಒಳಗೆ ಬಿಟ್ಟಿದ್ರೆ ಹೊಸ ಜಾಡು ಹಿಡೀತಿದ್ಲು. ಹಿಂದಿನ ಗೇಟಿಂದ ಹೊರಗೆ ಬಂದು, ಕಾಲುವೆ ಪಕ್ಕದ ರಸ್ತೆ ಹಿಡಿದು, ಸೀದಾ ನಮ್ಮನೆ ಬಾಗಿಲಿಗೆ ಬರ್ತಿದ್ಲು. ಹಿಂದೆ ಇಡೀ ದಳ. ಅವರ ಹಿಂದೆ ಮ್ಯಾನೇಜರ್.” ಅವನು ತಲೆಯೆತ್ತಿದ. “ತಾತ ನಮ್ಮನೇಲಿದ್ದಾನೆ.”

ತಾತ ಎಂದರೆ ವಾಚ್‌ಮನ್. ಗಿರಣಿಗೆ ಸೇರುವ ಮೊದಲು ಅವನು ಶ್ವಾನದಳದಲ್ಲಿ ನಾಯಿಗಳ ಗೂಡು ತೊಳೆಯುತ್ತಿದ್ದವನು. ಈ ನಾಯಿ ಕಣ್ಣು ಬಿಡದ ಮರಿಯಾಗಿದ್ದಾಗ ಬಾಟಲಿಯಲ್ಲಿ ಹಾಲು ಕುಡಿಸಿದವನು ಅವನೇ. ಕಾಣೆಯಾದ ದಿನ ಬೆಳಕು ಹರಿಯುವ ಹೊತ್ತಿಗೆ ಹ್ಯಾಂಡ್ಲರ್‌ನ ಬಾಗಿಲು ತಟ್ಟಿದ್ದ. ಗಿರಣಿಯ ಬಾಯ್ಲರ್ ಮನೆಯಲ್ಲಿ ಏನನ್ನೋ ನೋಡಿದ್ದ. ಏನೆಂದು ಹೇಳಲಿಲ್ಲ, ಹೇಳಿದರೆ ನಿನಗೂ ಅಪಾಯ ಎಂದ. ಮಗಳಿಗೆ ತಿಳಿಸಬೇಡ, ಅವಳು ಅಳು ತಡೆಯಲಾರಳು, ಅವಳನ್ನು ನೋಡಿಯೇ ಅವರು ನನ್ನನ್ನು ಪತ್ತೆಮಾಡುತ್ತಾರೆ ಎಂದ.

“ಪೊಲೀಸಲ್ಲೇ ಇದ್ದೀರಲ್ಲ ನೀವು. ಮುಖ್ಯಸ್ಥರಿಗೆ ಹೇಳಬಹುದಿತ್ತು.”

“ಯಾರಿಗೆ ಹೇಳ್ಲಿ ಮೇಡಂ? ‘ಬಾಯ್ಲರ್ ಮನೇಲಿ ನಿಮ್ಮ ದಳದವನೂ ಒಬ್ಬ ಇದ್ದ, ಮುಖ ಕಾಣಲಿಲ್ಲ, ‘ನಮ್ಮ ದಳ’ ಅಂತ ಮಾತಾಡೋ ದನಿ ಕೇಳಿಸ್ತು’ ಅಂದ ತಾತ. ಅವತ್ತಿಂದ ನಾನು ಯಾರ ಮುಖ ನೋಡಿದ್ರೂ ಇವನೇನಾ ಅನ್ಸುತ್ತೆ. ನಿನ್ನೆ ರಾತ್ರಿ ಅವನನ್ನ ಊರು ದಾಟಿಸ್ಬೇಕು ಅಂತಿದ್ದೆ. ಇವಳನ್ನ ಬಿಟ್ಟು ಏಳಕ್ಕಾಗಲಿಲ್ಲ.”

ಅಕ್ಕನಿಗೆ ಮೊದಲು ಬಂದದ್ದು ಸಿಟ್ಟು. ಆ ಮಗಳು ದಿನಾ ಫೋನು ಮಾಡಿ ಉಸಿರು ಬಿಗಿಹಿಡಿದು ಕಾಯುತ್ತಾಳಲ್ಲ ಎಂದು ಹೇಳಲು ಬಾಯಿ ತೆರೆದಳು. ಆದರೆ ಅಷ್ಟರಲ್ಲಿ ಇನ್ನೊಂದು ಯೋಚನೆ ಬಂದು ಆ ಮಾತನ್ನು ತಡೆದು ನಿಲ್ಲಿಸಿತು.

ಗ್ಯಾರೇಜಿನಲ್ಲಿ ಲೀಕಿಲ್ಲ ಎಂದು ಗೊತ್ತಾದಾಗ ಅಲ್ಲಿದ್ದವರು ಇಬ್ಬರಲ್ಲ, ಮೂವರು; ಮೂರನೆಯವನು ದಳದ ಡ್ರೈವರ್. ಬಟ್ಟಲಿನ ಗುರುತು ನೋಡಿದ್ದೂ ಮೂವರು. ಚಳಿಯಿಂದ ಸುಟ್ಟ ಬೆರಳಿನ ಮಾತು ಕೇಳಿದ್ದೂ ಮೂವರು. ಬೆಳ್ಳಗಾದ ಈ ಬೆರಳುಗಳನ್ನು ಡ್ರೈವರ್ ನಿನ್ನೆಯೇ ನೋಡಿರುತ್ತಾನೆ. ಗ್ಯಾಸ್ ಬಿಟ್ಟ ಕೈ ಯಾರದೆಂದು ತಿಳಿದವನಿಗೆ, ಹ್ಯಾಂಡ್ಲರ್ ತನ್ನ ನಾಯಿಯನ್ನೇ ಯಾಕೆ ತಡೆದ ಎಂದು ಊಹಿಸಲು ಎಷ್ಟು ಹೊತ್ತು ಬೇಕು? ಸೋರಿಕೆ ಹುಡುಕಲು ಹೋಗಿ ತಾನೇ ಗುಟ್ಟು ಸೋರಿಸಿ ಬಂದಿದ್ದಳು.

“ಮನೇಲಿ ಯಾರಿದ್ದಾರೆ?”

“ನನ್ನ ಹೆಂಡ್ತಿ. ತಾತ. ಯಾಕೆ?”

“ಫೋನ್ ಮಾಡಿ. ಈಗಲೇ. ಬಾಗಿಲು ಹಾಕ್ಕೊಂಡು ಯಾರು ಬಂದ್ರೂ ತೆಗೀಬೇಡ ಅನ್ನಿ.”

ಬಟ್ಟೆ ಸುತ್ತಿದ ಬೆರಳು ಪರದೆಯ ಮೇಲೆ ಕೆಲಸ ಮಾಡಲಿಲ್ಲ. ಅಕ್ಕನೇ ಫೋನು ಕಿತ್ತುಕೊಂಡು ಒತ್ತಿ ಸ್ಪೀಕರಿಗೆ ಹಾಕಿದಳು. ರಿಂಗಾಯಿತು. ಮತ್ತೆ ರಿಂಗಾಯಿತು. ಹ್ಯಾಂಡ್ಲರ್ ಎದ್ದು ನಿಂತಿದ್ದ. ಸ್ಟೂಲು ಹಿಂದಕ್ಕೆ ಬಿದ್ದದ್ದು ಇಬ್ಬರಿಗೂ ಕೇಳಿಸಲಿಲ್ಲ.

“ಹಲೋ,” ಎಂದಿತು ಹೆಣ್ಣು ದನಿ. ಯಾವ ಗಾಬರಿಯೂ ಇಲ್ಲ. ಹಿಂದೆ ಪಾತ್ರೆ ತೊಳೆಯುವ ನೀರಿನ ಸದ್ದು.

ಹ್ಯಾಂಡ್ಲರ್‌ನ ಮುಖಕ್ಕೆ ರಕ್ತ ಮರಳಿತು. ತಾತ ಎಲ್ಲಿ, ಫೋನು ಅವನ ಕೈಗೆ ಕೊಡು ಎಂದ.

ನೀರಿನ ಸದ್ದು ನಿಂತಿತು.

“ಅವರನ್ನ ಕರ್ಕೊಂಡು ಹೋದ್ರಲ್ಲ ರೀ. ನಿಮ್ಮ ವ್ಯಾನಿನ ಡ್ರೈವರು ಬಂದಿದ್ರು, ನೀವೇ ಕಳ್ಸಿದ್ದು ಅಂದ್ರು. ತಾತ ಹೊರಗೆ ಮಾತು ಕೇಳ್ತಿದ್ದ ಹಾಗೇ ಒಳಗೆ ಗಡಗಡ ನಡುಗೋಕೆ ಶುರು ಮಾಡಿದ್ರು. ಜ್ವರ ಬಂತೇನೋ ಅಂತ ನಾನೇ ಶಾಲು ಹೊದಿಸಿ, ಕೈ ಹಿಡಿದು ಕಾರಲ್ಲಿ ಕೂರಿಸ್ದೆ.”